ರೊಡ್ರಿಗಸ್ ದ್ವೀಪದ ಹೊಂಬಣ್ಣದ ಬಾವಲಿ

ಒಂದು ಭೂಪಟವನ್ನು ಮುಂದೆ ಹರಡಿಕೊಳ್ಳಿ. ಆಫ್ರಿಕಾದ ಪೂರ್ವಕ್ಕೆ ಮಡಗಾಸ್ಕರ್ ಎಂಬ ದೊಡ್ಡ ದ್ವೀಪ ಕಾಣುತ್ತದೆ. ಅಲ್ಲಿಂದ ಬೆರಳನ್ನು ಇನ್ನಷ್ಟು ಪೂರ್ವಕ್ಕೆ ಸರಿಸಿದರೆ ರಿಯೂನಿಯನ್ ಸಿಗುತ್ತದೆ, ಆಮೇಲೆ ಮಾರಿಷಸ್. ಬಹಳ ಜನರ ಬೆರಳು ಅಲ್ಲಿಗೇ ನಿಂತುಬಿಡುತ್ತದೆ. ನೀವು ನಿಲ್ಲಿಸಬೇಡಿ. ಮಾರಿಷಸ್ ಬಿಟ್ಟು ಸುಮಾರು 560 ಕಿಲೋಮೀಟರ್ ಬರೀ ನೀರು. ಅದನ್ನು ದಾಟಿದರೆ ಒಂದು ಚುಕ್ಕಿ. ಆ ಚುಕ್ಕಿಯ ಹೆಸರು ರೊಡ್ರಿಗಸ್. ಜ್ವಾಲಾಮುಖಿಯಿಂದ ಎದ್ದು ನಿಂತ ಈ ದ್ವೀಪದ ವಿಸ್ತೀರ್ಣ ಸುಮಾರು 108 ಚದರ ಕಿಲೋಮೀಟರ್. ಅತಿ ಎತ್ತರದ ಗುಡ್ಡವೂ 400 ಮೀಟರ್ ಮುಟ್ಟುವುದಿಲ್ಲ. ಊರೆಂದರೆ ಪೋರ್ಟ್ ಮಥುರಿನ್, ಮಾತು ಕ್ರಿಯೋಲ್. ದ್ವೀಪ ಮಾರಿಷಸ್ ದೇಶಕ್ಕೆ ಸೇರಿದ್ದು, 2002ರಿಂದ ಒಳಾಡಳಿತ ಅಲ್ಲಿನವರದೇ.

ಇಷ್ಟು ಸಣ್ಣ ನೆಲದಲ್ಲಿ ಒಂದು ಬಾವಲಿ ಜಾತಿ ಬದುಕಿದೆ. ಇವತ್ತು ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಅದು ಇಲ್ಲ. ಮೈಯೆಲ್ಲ ಗಾಢ ಕಂದು. ತಲೆ, ಕುತ್ತಿಗೆ, ಭುಜದ ಮೇಲೆ ಮಾತ್ರ ಹೊಂಬಣ್ಣದ ತುಪ್ಪಳ. ಅದಕ್ಕೇ ಕೆಲವರು ಅದನ್ನು ಚಿನ್ನದ ಬಾವಲಿ ಎಂದೂ ಕರೆಯುತ್ತಾರೆ. ವಿಜ್ಞಾನದ ಪುಸ್ತಕಗಳಲ್ಲಿ ಅದರ ಹೆಸರು ಟೆರೋಪಸ್ ರೊಡ್ರಿಸೆನ್ಸಿಸ್. 1878ರಲ್ಲಿ ಈ ಹೆಸರನ್ನು ಕೊಟ್ಟವನು ಜಾರ್ಜ್ ಎಡ್ವರ್ಡ್ ಡಾಬ್ಸನ್. ಅವನು ಭಾರತದಲ್ಲಿ ಸೇನೆಯ ವೈದ್ಯನಾಗಿ ದುಡಿದವನು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂಗಾಗಿ ಏಷ್ಯಾದ ಬಾವಲಿಗಳ ಮೇಲೆ ಒಂದು ದೊಡ್ಡ ಗ್ರಂಥವನ್ನೂ ಬರೆದವನು.

ಬಾವಲಿಗಳ ಬಗ್ಗೆ ಮೊದಲ ಸಲ ಓದುತ್ತಿರುವವರಿಗಾಗಿ ಇಲ್ಲಿ ಒಂದೆರಡು ಪಾಠ ಮುಗಿಸಿಕೊಂಡು ಮುಂದೆ ಹೋಗೋಣ. ಬಾವಲಿ ಹಕ್ಕಿಯಲ್ಲ, ನಮ್ಮಂತೆ ಮರಿ ಹಾಕಿ ಹಾಲೂಡಿಸುವ ಪ್ರಾಣಿ. ಅದರ ರೆಕ್ಕೆಯನ್ನು ಬಿಡಿಸಿ ನೋಡಿದರೆ ಒಳಗೆ ಕೈಯ ಮೂಳೆಗಳೇ ಇರುತ್ತವೆ. ಉದ್ದುದ್ದ ಬೆಳೆದ ಬೆರಳುಗಳ ನಡುವೆ ತೆಳುವಾದ ತೊಗಲು ಹರಡಿಕೊಂಡಿರುತ್ತದೆ. ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಬಾವಲಿ ಜಾತಿಗಳಿವೆ. ಅವುಗಳಲ್ಲಿ ಹೆಚ್ಚಿನವು ಸಣ್ಣವು. ಕತ್ತಲಲ್ಲಿ ಶಬ್ದ ಹೊರಡಿಸಿ, ಅದರ ಪ್ರತಿಧ್ವನಿಯನ್ನು ಕೇಳಿಸಿಕೊಂಡೇ ದಾರಿ ಮತ್ತು ಹುಳುಗಳನ್ನು ಹುಡುಕುವಂಥವು. ದೊಡ್ಡ ಹಣ್ಣುಬಾವಲಿಗಳ ಬದುಕು ಬೇರೆ. ಅವಕ್ಕೆ ನರಿಯ ಮೂತಿ, ದೊಡ್ಡ ಕಣ್ಣು, ಚುರುಕಾದ ಮೂಗು. ಪ್ರತಿಧ್ವನಿಯ ನೆರವಿಲ್ಲದೆ ಕಣ್ಣಿನಿಂದ ನೋಡಿ, ವಾಸನೆ ಹಿಡಿದು ಹಣ್ಣಿನ ಮರ ಸೇರುತ್ತವೆ. ನಮ್ಮ ಊರುಗಳ ಆಲ, ಅರಳಿ, ಹುಣಸೆ ಮರಗಳಲ್ಲಿ ಹಗಲಿಡೀ ತಲೆಕೆಳಗಾಗಿ ನೇತಾಡುತ್ತಾ ಗದ್ದಲ ಮಾಡುವ ದೊಡ್ಡ ಬಾವಲಿಯನ್ನು ನೀವು ಕಂಡಿರುತ್ತೀರಿ. ಅದೂ ರೊಡ್ರಿಗಸ್‌ನ ಬಾವಲಿಯೂ ಒಂದೇ ಕುಲಕ್ಕೆ ಸೇರಿದವು. ನಮ್ಮದು ಒಂದು ಕಿಲೋಗಿಂತ ಹೆಚ್ಚು ತೂಗಬಲ್ಲದು. ರೊಡ್ರಿಗಸ್‌ನದು ಸುಮಾರು 350 ಗ್ರಾಂ. ರೆಕ್ಕೆ ಬಿಚ್ಚಿದರೆ ಹೆಚ್ಚೆಂದರೆ 90 ಸೆಂಟಿಮೀಟರ್.

ಈ ನೆಂಟಸ್ತಿಕೆಯ ಹಿಂದೆ ಒಂದು ಸೋಜಿಗವಿದೆ. ಟೆರೋಪಸ್ ಕುಲದ ಬಾವಲಿಗಳು ಆಫ್ರಿಕಾದ ಕರಾವಳಿಯಾಚೆಯ ದ್ವೀಪಗಳಲ್ಲಿ ಹಲವು ಕಡೆ ಇವೆ. ಆಫ್ರಿಕಾದ ಮುಖ್ಯ ನೆಲದಲ್ಲಿ ಒಂದೂ ಇಲ್ಲ. ಹಿಂದೂ ಮಹಾಸಾಗರದ ಪಶ್ಚಿಮದ ದ್ವೀಪಗಳಲ್ಲಿರುವ ಇವುಗಳ ಪೂರ್ವಜರು ಏಷ್ಯಾದ ಕಡೆಯಿಂದ ಬಂದವು. ಇಲಿಯಾಗಲಿ ಜಿಂಕೆಯಾಗಲಿ ಅಷ್ಟು ನೀರು ದಾಟಿ ಬರುವಂತಿರಲಿಲ್ಲ. ರೆಕ್ಕೆಯಿದ್ದದ್ದರಿಂದ ಬಾವಲಿ ಬಂತು. ಹೀಗಾಗಿ ಮನುಷ್ಯ ಕಾಲಿಡುವ ಮೊದಲು ರೊಡ್ರಿಗಸ್‌ನ ನೆಲದ ಮೇಲೆ ಹಾಲೂಡಿಸುವ ಪ್ರಾಣಿ ಎಂದಿದ್ದದ್ದು ಇದೊಂದೇ. ತಲೆಮಾರುಗಳು ಸರಿದಂತೆ ಅಲ್ಲಿನ ಮರ, ಗಾಳಿ, ಹಣ್ಣಿನ ಕಾಲಗಳಿಗೆ ಹೊಂದಿಕೊಂಡು ತನ್ನ ಮೂಲದವರಿಂದ ದೂರವಾಯಿತು, ಬೇರೆಯೇ ಜಾತಿಯಾಯಿತು. ಒಂದೇ ದ್ವೀಪಕ್ಕೆ ಸೇರಿದ ಜಾತಿಗಳು ಹುಟ್ಟುವುದು ಹೀಗೆ.

ಹಗಲಲ್ಲಿ ಈ ಬಾವಲಿಗಳು ದೊಡ್ಡ ಮರಗಳಲ್ಲಿ ಗುಂಪಾಗಿ ತೂಗಾಡುತ್ತವೆ. ಒಂದು ಬಲಿಷ್ಠ ಗಂಡಿನ ಸುತ್ತ ಹಲವು ಹೆಣ್ಣುಗಳಿರುತ್ತವೆ. ಎಳೆಯ ಗಂಡುಗಳದು ಬೇರೆಯದೇ ಕೂಟ. ಸಂಜೆಯಾದಂತೆ ಊಟಕ್ಕೆ ಹೊರಡುತ್ತವೆ. ಮಾವು, ಹುಣಸೆ, ಪನ್ನೇರಳೆ, ಅತ್ತಿ ಜಾತಿಯ ಹಣ್ಣುಗಳು, ಹೂವಿನ ಮಕರಂದ, ಕೆಲವೊಮ್ಮೆ ಎಲೆಗಳೂ ಆಗುತ್ತವೆ. ತಿನ್ನುವ ರೀತಿ ನೋಡಬೇಕು. ಹಣ್ಣಿನ ತಿರುಳನ್ನು ಬಾಯಿಯ ಮೇಲ್ಭಾಗಕ್ಕೆ ಒತ್ತಿ ರಸ ಹಿಂಡಿಕೊಂಡು, ನಾವು ಕಬ್ಬು ಜಗಿದು ಸಿಪ್ಪೆ ಉಗಿದಂತೆ, ನಾರನ್ನು ಹೊರಗೆ ಉಗಿದುಬಿಡುತ್ತದೆ. ಸಣ್ಣ ಬೀಜಗಳು ಹೊಟ್ಟೆ ಸೇರಿ, ಹಾರುವಾಗ ಎಲ್ಲೋ ಬೀಳುತ್ತವೆ. ದೊಡ್ಡ ಬೀಜದ ಹಣ್ಣನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಮರಕ್ಕೆ ಹಾರುವುದೂ ಉಂಟು. ಹೂವಿಗೆ ಮುಖವಿಟ್ಟಾಗ ತುಪ್ಪಳಕ್ಕೆ ಪರಾಗ ಮೆತ್ತಿಕೊಳ್ಳುತ್ತದೆ. ಕಾಡು ಬೆಳೆಸುವ ಕೆಲಸವನ್ನು ಬಾವಲಿ ತನ್ನ ಹೊಟ್ಟೆಪಾಡಿನಲ್ಲೇ ಮಾಡಿ ಮುಗಿಸುತ್ತದೆ.

ರೊಡ್ರಿಗಸ್‌ನಲ್ಲಿ ಈ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂದು ತಿಳಿಯಲು ಅಲ್ಲಿ ಏನೇನು ಇಲ್ಲವಾಗಿದೆ ಎಂಬುದನ್ನೂ ತಿಳಿಯಬೇಕು. 1691ರಲ್ಲಿ ಫ್ರಾಂಸ್ವಾ ಲೆಗಾ ಎಂಬ ಫ್ರೆಂಚ್ ನಿರಾಶ್ರಿತ ಕೆಲವೇ ಸಂಗಾತಿಗಳೊಂದಿಗೆ ಅಲ್ಲಿಗೆ ಬಂದು ಸುಮಾರು ಎರಡು ವರ್ಷ ಇದ್ದ. ಅವನು ಕಂಡ ದ್ವೀಪದಲ್ಲಿ ದಟ್ಟ ಕಾಡಿತ್ತು, ನೆಲದ ತುಂಬ ದೈತ್ಯ ಆಮೆಗಳಿದ್ದವು, ಸಾಲಿಟೇರ್ ಎಂಬ ಹಾರಲಾರದ ದೊಡ್ಡ ಹಕ್ಕಿ ಇತ್ತು. ಮುಂದಿನ ನೂರು ವರ್ಷಗಳಲ್ಲಿ ಆಮೆಗಳನ್ನು ಮಾಂಸಕ್ಕಾಗಿ ಹಡಗುಗಟ್ಟಲೆ ಸಾಗಿಸಿದರು. ಇದ್ದ ಎರಡೂ ಜಾತಿಯ ಆಮೆಗಳು ಅಳಿದುಹೋದವು. ಸಾಲಿಟೇರ್ ಕೂಡ ಹೋಯಿತು. ಬೇಸಾಯಕ್ಕೆ, ಸೌದೆಗೆ ಕಾಡು ಕಡಿದರು. ಉಳಿದ ಚಿಗುರನ್ನು ಆಡು, ದನಗಳು ಮೇಯ್ದವು. ದ್ವೀಪದ ಮೂಲ ಕಾಡುಹಕ್ಕಿಗಳಲ್ಲಿ ಇವತ್ತು ಉಳಿದಿರುವುದು ಎರಡೇ ಜಾತಿ, ಎರಡೂ ಪುಟಾಣಿಗಳು. ಬೀಜ ಹೊತ್ತೊಯ್ಯುವ ದೊಡ್ಡ ಪ್ರಾಣಿ ಎಂದು ಬಾಕಿ ಉಳಿದದ್ದು ಬಾವಲಿ. ಅದೂ ಬದುಕುತ್ತಿದ್ದದ್ದು ಮನುಷ್ಯ ತಂದು ನೆಟ್ಟ ಹುಣಸೆ, ಮಾವುಗಳ ಮೇಲೆ, ಕಡಿಯಲಾಗದೆ ಬಿಟ್ಟ ಕೆಲವು ಕಣಿವೆಗಳ ಮರಗಳಲ್ಲಿ.

ಇಲ್ಲಿ ಚಂಡಮಾರುತದ ವಿಷಯ ಬರುತ್ತದೆ. ಹೊಸಬರು ಇದನ್ನು ತುಸು ನಿಧಾನವಾಗಿ ಓದಬೇಕು. ಒಂದೇ ದ್ವೀಪದ ಪ್ರಾಣಿಯ ಅಪಾಯವೆಲ್ಲ ಇದರಲ್ಲೇ ಅಡಗಿದೆ. ರೊಡ್ರಿಗಸ್ ಇರುವುದು ಚಂಡಮಾರುತಗಳು ಓಡಾಡುವ ದಾರಿಯಲ್ಲಿ. 1968ರಲ್ಲಿ ಮೋನಿಕ್, 1979ರಲ್ಲಿ ಸೆಲಿನ್ ದ್ವೀಪವನ್ನು ಬಡಿದವು. ಅಂಥ ಗಾಳಿಯಲ್ಲಿ ಕೆಲವು ಬಾವಲಿಗಳು ಅಲ್ಲೇ ಸಾಯುತ್ತವೆ, ಕೆಲವು ಸಮುದ್ರದ ಮೇಲೆ ತೂರಿಹೋಗುತ್ತವೆ. ಗಾಳಿ ನಿಂತ ಮೇಲೂ ಸಾವು ನಿಲ್ಲುವುದಿಲ್ಲ. ಮರಗಳಲ್ಲಿ ಎಲೆಯಿಲ್ಲ, ಹೂವಿಲ್ಲ, ಹಣ್ಣಿಲ್ಲ. ಮತ್ತೆ ಹೂ ಬಿಟ್ಟು ಹಣ್ಣಾಗಲು ವಾರಗಳು, ತಿಂಗಳುಗಳು ಬೇಕು. ಬಾವಲಿ ಮಾತ್ರ ಪ್ರತಿ ರಾತ್ರಿ ತಿನ್ನಲೇಬೇಕು. ಹಸಿದು ನಿತ್ರಾಣವಾಗಿ ನೆಲಕ್ಕೆ ಇಳಿದದ್ದು ಬೆಕ್ಕು ನಾಯಿಗಳ ಪಾಲಾಗುತ್ತದೆ. ಅಕ್ಕಪಕ್ಕದಲ್ಲಿ ಇನ್ನೊಂದು ನೆಲವಿದ್ದಿದ್ದರೆ ಹಾರಿಹೋಗಿ ಹೊಟ್ಟೆ ಹೊರೆದುಕೊಳ್ಳುತ್ತಿತ್ತು. ಇದಕ್ಕೆ ಅತಿ ಹತ್ತಿರದ ನೆಲವೇ 560 ಕಿಲೋಮೀಟರ್ ಆಚೆ.

ದ್ವೀಪದ ತುಂಬ ಕಾಡಿದ್ದಾಗಲೂ ಚಂಡಮಾರುತಗಳು ಬರುತ್ತಿದ್ದವು, ಸಾವಿರಾರು ವರ್ಷ ಬಂದಿವೆ. ಆಗ ಗಾಳಿ ತಾಗದ ಕಣಿವೆಗಳಲ್ಲಿ ಹಣ್ಣಿನ ಮರಗಳು ಉಳಿಯುತ್ತಿದ್ದವು, ಬಾವಲಿಗಳೂ ಸಾಕಷ್ಟು ಸಂಖ್ಯೆಯಲ್ಲಿ ಉಳಿಯುತ್ತಿದ್ದವು. ಹಾಗಾಗಿ ಬಾವಲಿಯ ಅಳಿವಿಗೆ ಗಾಳಿಯನ್ನು ಮಾತ್ರ ದೂರುವುದು ತಪ್ಪು ಎಂಬುದು ನನ್ನ ತೀರ್ಮಾನ. ಕೊಡಲಿ ಮೊದಲೇ ಅರ್ಧ ಕೆಲಸ ಮುಗಿಸಿತ್ತು.

1970ರ ದಶಕದಲ್ಲಿ ಇಡೀ ಜಾತಿಯ ಸಂಖ್ಯೆ ನೂರಕ್ಕಿಂತ ಕೆಳಗಿಳಿಯಿತು. ಇಡೀ ಜಾತಿ ಎಂದರೆ ಜಗತ್ತಿನಲ್ಲಿದ್ದ ಅಷ್ಟೂ ಬಾವಲಿಗಳು. ಹೆಣ್ಣು ಬಾವಲಿ ಒಂದು ಸಲಕ್ಕೆ ಹೆರುವುದು ಒಂದೇ ಮರಿ. ನೂರರಲ್ಲಿ ಐವತ್ತು ಹೆಣ್ಣೆಂದು ಇಟ್ಟುಕೊಂಡರೂ, ಅವೆಲ್ಲವೂ ಹೆರುವುದಿಲ್ಲ, ಹೆತ್ತ ಮರಿಗಳೆಲ್ಲವೂ ಉಳಿಯುವುದಿಲ್ಲ. ಇಲಿ, ಮೊಲಗಳಂತೆ ಒಂದೆರಡು ವರ್ಷದಲ್ಲಿ ತುಂಬಿಕೊಳ್ಳುವ ಸಂತತಿ ಇದಲ್ಲ.

ಆಗ ಬಂದವರು ಜೆರಾಲ್ಡ್ ಡರೆಲ್. 1925ರಲ್ಲಿ ನಮ್ಮ ಜಮ್‌ಶೆಡ್‌ಪುರದಲ್ಲಿ ಹುಟ್ಟಿದ ಇವರು, ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದಲ್ಲಿ 1959ರಲ್ಲಿ ಒಂದು ಮೃಗಾಲಯ ಕಟ್ಟಿದ್ದರು. ಅಳಿವಿನ ಅಂಚಿಗೆ ಬಂದ ಪ್ರಾಣಿಗಳನ್ನು ಸಾಕಿ ಸಂತತಿ ಉಳಿಸುವುದೇ ಮೃಗಾಲಯದ ಕೆಲಸವಾಗಬೇಕು ಎಂಬುದು ಅವರ ಹಟವಾಗಿತ್ತು. 1976ರಲ್ಲಿ ಅವರ ತಂಡ ರೊಡ್ರಿಗಸ್‌ಗೆ ಹೋಯಿತು. ಬಾವಲಿಗಳನ್ನು ಬಲೆಗೆ ಕರೆಯಲು ಅವರು ಆರಿಸಿಕೊಂಡ ಆಮಿಷಗಳಲ್ಲಿ ಒಂದು ಯಾವುದು ಗೊತ್ತೇ? ಹಲಸಿನ ಹಣ್ಣು! ಹಣ್ಣಾದ ಹಲಸು ಮನೆಯಲ್ಲಿದ್ದರೆ ಬೀದಿಯವರಿಗೆಲ್ಲ ತಿಳಿಯುತ್ತದೆ ಎಂಬುದು ನಮಗೆ ಹೊಸದೇನಲ್ಲ. ಮೂಗಿನಿಂದಲೇ ಊಟ ಹುಡುಕುವ ಪ್ರಾಣಿಗೆ ಅದಕ್ಕಿಂತ ಒಳ್ಳೆಯ ಕರೆಯೋಲೆ ಬೇರೆ ಇರಲಾರದು. ಹಿಡಿದ ಬಾವಲಿಗಳಲ್ಲಿ ಕೆಲವನ್ನು ಮಾರಿಷಸ್‌ನ ಪಂಜರಗಳಲ್ಲೂ ಕೆಲವನ್ನು ಜರ್ಸಿಯಲ್ಲೂ ಇಟ್ಟು ಸಾಕಿದರು. ಮರುವರ್ಷ ಡರೆಲ್ ಈ ಪಯಣದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಸಾಕಿದ ಬಾವಲಿಗಳ ಸಂತತಿ ಮುಂದೆ ಯುರೋಪ್, ಅಮೆರಿಕಗಳ ಹಲವು ಮೃಗಾಲಯಗಳಿಗೆ ಹರಡಿತು.

ಹೀಗೆ ಸಾಕಿದ ಬಾವಲಿಗಳಿಂದಲೇ ನಮಗೆ ಒಂದು ಅಪೂರ್ವ ಸಂಗತಿ ತಿಳಿಯಿತು. ಅಮೆರಿಕದ ಫ್ಲಾರಿಡಾದಲ್ಲಿ, ಸಾಕುತಾಣವೊಂದರಲ್ಲಿ ರೊಡ್ರಿಗಸ್‌ನ ಒಂದು ಹೆಣ್ಣು ಬಾವಲಿ ಹೆರಿಗೆ ನೋವಿನಲ್ಲಿತ್ತು. ಸದಾ ತಲೆಕೆಳಗಾಗಿರುವ ಬಾವಲಿ ಹೆರುವಾಗ ಮಾತ್ರ ತಿರುಗಿಕೊಂಡು, ಹೆಬ್ಬೆರಳಿನ ಉಗುರುಗಳಿಂದ ಜೋತುಬಿದ್ದು, ಕಾಲು ಕೆಳಗೆ ಮಾಡುತ್ತದೆ. ಮರಿ ಜಾರಿ ಬರಲು ಅದೇ ಸರಿಯಾದ ಭಂಗಿ. ಈ ತಾಯಿ ಹಾಗೆ ಮಾಡದೆ ತಲೆಕೆಳಗಾಗಿಯೇ ಒದ್ದಾಡುತ್ತಿತ್ತು. ಆಗ ಅದರ ರಕ್ತಸಂಬಂಧಿಯಲ್ಲದ ಇನ್ನೊಂದು ಹೆಣ್ಣು ಬಳಿ ಬಂದು, ಅದರ ಮುಂದೆ ತಾನೇ ಕಾಲು ಕೆಳಗೆ ಮಾಡಿ ಜೋತುಬಿದ್ದು, ಹೆರುವ ಬಾವಲಿ ಮುಕ್ಕುವಂತೆ ಮುಕ್ಕಿತು. ತಾಯಿಯೂ ಆ ಭಂಗಿಗೆ ತಿರುಗಿತು. ಮೊದಲಿಗೆ ಅಲ್ಲಿ ನಿಲ್ಲದೆ ಮತ್ತೆ ತಲೆಕೆಳಗಾದಾಗ ಸಂಗಾತಿ ಮತ್ತೆ ತೋರಿಸಿತು. ನಡುನಡುವೆ ತಾಯಿಯ ಮೈ ನೆಕ್ಕಿತು, ರೆಕ್ಕೆಯಿಂದ ಅದನ್ನು ಅಪ್ಪಿಕೊಂಡಿತು. ಮರಿ ಹೊರಬಂದ ಮೇಲೆ ಅದನ್ನು ನೆಕ್ಕಿ ಶುಚಿ ಮಾಡಿ, ತಾಯಿಯ ಮೊಲೆಯ ಕಡೆ ಹೋಗಲು ನೆರವಾಯಿತು. ಬಾವಲಿ ತಜ್ಞ ಥಾಮಸ್ ಕುನ್ಜ್ ಮತ್ತು ಅವರ ಸಂಗಡಿಗರು ಇದನ್ನೆಲ್ಲ ಕಣ್ಣಾರೆ ಕಂಡು 1994ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ನಮ್ಮ ಹಳ್ಳಿಗಳ ಸೂಲಗಿತ್ತಿಯರು ಮಾಡುವ ಕೆಲಸವನ್ನು ಒಂದು ಬಾವಲಿ ಇನ್ನೊಂದಕ್ಕೆ ಮಾಡಿತು. ಒಂದೇ ಘಟನೆಯಿಂದ ಇಡೀ ಜಾತಿಯ ನಡವಳಿಕೆಯನ್ನು ಹೇಳಲಾಗದು, ನಿಜ. ಆದರೂ ನೂರಕ್ಕಿಂತ ಕಡಿಮೆ ಉಳಿದಿದ್ದ ಜೀವಿ ಅಂದೇ ಅಳಿದಿದ್ದರೆ ಇದನ್ನು ಕಾಣುವ ಭಾಗ್ಯವೂ ನಮಗಿರುತ್ತಿರಲಿಲ್ಲ ಎಂದು ನೆನೆದಾಗ ಮೈ ಜುಮ್ಮೆನ್ನುತ್ತದೆ.

ದ್ವೀಪದಲ್ಲಿ ಏನಾಯಿತು ನೋಡೋಣ. ಜಲಮೂಲಗಳನ್ನು ಉಳಿಸಲು ಅಲ್ಲಿನವರು ಇಳಿಜಾರುಗಳಲ್ಲಿ ಮತ್ತೆ ಮರ ಬೆಳೆಸಿದರು. 1984ರಲ್ಲಿ ಶುರುವಾದ ಮಾರಿಷಸ್ ವನ್ಯಜೀವಿ ಪ್ರತಿಷ್ಠಾನ ರೊಡ್ರಿಗಸ್‌ನ ಗ್ರಾಂಡ್ ಮೊಂತಾನ್ಯ್, ಆನ್ಸ್ ಕೀತೊ ಎಂಬ ಎರಡು ಸಣ್ಣ ರಕ್ಷಿತಾರಣ್ಯಗಳಲ್ಲಿ ಹೊರಗಿನಿಂದ ಬಂದ ಕಳೆಮರಗಳನ್ನು ತೆಗೆದು ದ್ವೀಪದ ಮೂಲ ಗಿಡಗಳನ್ನು ನೆಡುತ್ತಾ ಬಂದಿದೆ. 1998ರಿಂದ ಫಿಲಡೆಲ್ಫಿಯಾ ಮೃಗಾಲಯದ ನೆರವಿನಿಂದ ದ್ವೀಪದ ಶಾಲೆಗಳಲ್ಲಿ ಪರಿಸರದ ಪಾಠ ನಡೆಯುತ್ತಿದೆ. ಬಾವಲಿ ಅದರ ಮುಖ್ಯ ವಿಷಯಗಳಲ್ಲೊಂದು. ಶಾಲೆಯ ಪಾಠದಿಂದ ಏನಾದೀತು ಎಂದು ಕೇಳುವವರಿಗೆ ಅದೇ ದ್ವೀಪದ ಒಂದು ಮಾತು ಹೇಳುತ್ತೇನೆ. 1980ರ ಸುಮಾರಿಗೆ ಅಲ್ಲಿನ ಶಿಕ್ಷಕರೊಬ್ಬರು ಮಕ್ಕಳಿಗೆ ದ್ವೀಪದ ಅಪರೂಪದ ಗಿಡಗಳ ಬಗ್ಗೆ ಪಾಠ ಮಾಡಿ, ಕಂಡರೆ ತಂದು ತೋರಿಸಿ ಎಂದಿದ್ದರು. ಒಬ್ಬ ಹುಡುಗ ತಂದ ರೆಂಬೆ, ಅಳಿದೇ ಹೋಯಿತು ಎಂದುಕೊಂಡಿದ್ದ ಕಾಫಿ ಕುಟುಂಬದ ಒಂದು ಗಿಡದ್ದಾಗಿತ್ತು. ಉಳಿದಿದ್ದದ್ದು ಆ ಒಂದೇ ಗಿಡ. ಅದರ ಕಡ್ಡಿಗಳನ್ನು 1986ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಕಳುಹಿಸಿ ಬೇರೂರಿಸಿದರು.

ಬಾವಲಿಗಳ ಸಂಖ್ಯೆ ನಿಧಾನವಾಗಿ ಏರಿತು. 2003ರಲ್ಲಿ ಕಲುಂಡೆ ಚಂಡಮಾರುತ ಬಂದಾಗ ಮತ್ತೆ ಇಳಿಯಿತು. ಆದರೆ ಅಷ್ಟರಲ್ಲಿ ಅವು ಸಾವಿರಗಟ್ಟಲೆ ಇದ್ದವು, ಮರಗಳೂ ಹೆಚ್ಚಿದ್ದವು, ಚೇತರಿಸಿಕೊಂಡವು. 2016ರ ಹೊತ್ತಿಗೆ ಸುಮಾರು ಇಪ್ಪತ್ತು ಸಾವಿರ ಇರಬಹುದೆಂದು ಅಂದಾಜಿಸಲಾಯಿತು. ಅಳಿವಿನ ತೀವ್ರ ಅಪಾಯದಲ್ಲಿದ್ದ ಈ ಜಾತಿಯನ್ನು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿ, ಅಪಾಯದಲ್ಲಿರುವ ಜಾತಿ ಎಂದು ಗುರುತಿಸಲಾಗಿದೆ. ಮೃಗಾಲಯಗಳಲ್ಲಿ ಬೆಳೆದ ಬಾವಲಿಗಳನ್ನು ತಂದು ದ್ವೀಪದಲ್ಲಿ ಬಿಡುವ ಅಗತ್ಯವೇ ಬೀಳಲಿಲ್ಲ. ಮರ ನೆಟ್ಟು, ಕೊಲ್ಲದೆ ಬಿಟ್ಟದ್ದರಿಂದ ಕಾಡಿನ ಬಾವಲಿ ತಾನಾಗಿಯೇ ಎದ್ದಿತು. ಅಷ್ಟಾದರೂ ಅಪಾಯ ಕಳೆದಿಲ್ಲ. 2019ರಲ್ಲಿ ಗೆಲೆನಾ, ಜೊವಾನಿನ್ಹಾ ಎಂಬ ಎರಡು ಚಂಡಮಾರುತಗಳು ಕೆಲವೇ ವಾರಗಳ ಅಂತರದಲ್ಲಿ ರೊಡ್ರಿಗಸ್ ಮೇಲೆ ಬಂದವು. ಎಣಿಕೆ ಎಷ್ಟೇ ಏರಲಿ, ಎಲ್ಲ ಬಾವಲಿಗಳೂ ಇರುವುದು ಅದೇ ಒಂದು ಚುಕ್ಕಿಯ ಮೇಲೆ.

ಎಲ್ಲ ದ್ವೀಪಗಳ ಬಾವಲಿಗಳಿಗೂ ಇಂಥ ಅದೃಷ್ಟವಿರಲಿಲ್ಲ. ಜಾವಾದ ದಕ್ಷಿಣಕ್ಕೆ ಆಸ್ಟ್ರೇಲಿಯಾಗೆ ಸೇರಿದ ಕ್ರಿಸ್ಮಸ್ ದ್ವೀಪವಿದೆ. ಅಲ್ಲಿ ಪಿಪಿಸ್ಟ್ರೆಲ್ ಎಂಬ, ನಾಲ್ಕು ಗ್ರಾಂ ಆಸುಪಾಸು ತೂಗುವ ಹುಳುತಿನ್ನುವ ಬಾವಲಿಯಿತ್ತು. 1980ರ ದಶಕದಲ್ಲಿ ದ್ವೀಪದ ಎಲ್ಲೆಡೆ ಕಾಣುತ್ತಿತ್ತು. ಆಮೇಲೆ ವರ್ಷವರ್ಷಕ್ಕೂ ಕರಗಿತು. ಹಿಡಿದು ಸಾಕಿ ಉಳಿಸಿಕೊಳ್ಳಿ ಎಂದು ತಜ್ಞರು ಮೊದಲೇ ಎಚ್ಚರಿಸಿದ್ದರು. ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಹಿಡಿಯಲು ಹೋದವರ ಬಲೆಗೆ ಒಂದೂ ಬೀಳಲಿಲ್ಲ. ಬಾವಲಿಯ ಕೂಗನ್ನು ದಾಖಲಿಸುವ ಯಂತ್ರದಲ್ಲಿ ಅದರ ದನಿ ಕೊನೆಯ ಸಲ ಸಿಕ್ಕಿದ್ದು 2009ರ ಆಗಸ್ಟ್ 26ರಂದು. 2017ರಲ್ಲಿ ಅದು ಅಳಿದ ಜಾತಿ ಎಂದು ಘೋಷಿಸಲಾಯಿತು. ನೂರರ ಹತ್ತಿರ ಇರುವಾಗಲೇ ಡರೆಲ್ ಹೊರಟರು. ಇಲ್ಲಿ ಬೆರಳೆಣಿಕೆಗೆ ಇಳಿಯುವವರೆಗೂ ಕಾದರು. ಎರಡು ಕಥೆಗಳ ನಡುವೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದು.

ಇನ್ನು ಮಾರಿಷಸ್ ಮುಖ್ಯ ದ್ವೀಪದಲ್ಲಿ ಇದರದೇ ಕುಲದ ಇನ್ನೊಂದು ಹಣ್ಣುಬಾವಲಿಯಿದೆ. ಲಿಚಿ, ಮಾವಿನ ಬೆಳೆ ಹಾಳುಮಾಡುತ್ತದೆ ಎಂದು ಅಲ್ಲಿನ ಸರ್ಕಾರವೇ 2015ರಿಂದ ಹಲವು ಸಲ ಸಾವಿರಾರು ಬಾವಲಿಗಳನ್ನು ಕೊಲ್ಲಿಸಿತು. ಬೆಳೆಗಾರನ ನಷ್ಟ ಸುಳ್ಳಲ್ಲ, ಅವನ ಅಳಲನ್ನು ತಳ್ಳಿಹಾಕುವಂತಿಲ್ಲ. ಆದರೆ ಮರಗಳಿಗೆ ಸರಿಯಾಗಿ ಬಲೆ ಹೊದಿಸಿದರೆ ಹಣ್ಣೂ ಉಳಿಯುತ್ತದೆ, ಬಾವಲಿಯೂ ಉಳಿಯುತ್ತದೆ. ಕೊಲ್ಲುವುದು ಕೆಟ್ಟ ದಾರಿ ಎಂದೇ ನಾನು ಹೇಳುತ್ತೇನೆ.

ನಾವು ಇಷ್ಟು ದೂರದ ಬಾವಲಿಯ ಬಗ್ಗೆ ಏಕೆ ತಿಳಿಯಬೇಕು ಎಂದು ಯಾರಾದರೂ ಕೇಳಿದರೆ ಕೋಲಾರ ಜಿಲ್ಲೆಯ ಹನುಮನಹಳ್ಳಿಯನ್ನು ತೋರಿಸಬೇಕಾಗುತ್ತದೆ. ಅಲ್ಲಿನ ಬಂಡೆಗಳ ನಡುವೆ ಒಂದು ಗುಹೆಯಿದೆ. ಮೂಗಿನ ಮೇಲೆ ಎಲೆಯಾಕಾರದ ಚರ್ಮವಿರುವ, ಹುಳು ತಿಂದು ಬದುಕುವ ಒಂದು ಸಣ್ಣ ಬಾವಲಿ ಜಾತಿ ಇವತ್ತು ಜಗತ್ತಿನಲ್ಲಿ ಇರುವುದು ಆ ಗುಹೆಯಲ್ಲಿ ಮಾತ್ರ. 1994ರಲ್ಲಿ ಹೆಸರು ಪಡೆದ ಈ ಕೋಲಾರದ ಬಾವಲಿಗಳ ಸಂಖ್ಯೆ ಇನ್ನೂರರ ಒಳಗೆ; ಕೆಂಪುಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದ ಸಾಲಿನಲ್ಲಿದೆ. ಸುತ್ತ ನೀರಿಲ್ಲ ಎಂಬುದನ್ನು ಬಿಟ್ಟರೆ ಅದರ ಸ್ಥಿತಿಯೂ ದ್ವೀಪದ ಬಾವಲಿಯದೇ. ರೊಡ್ರಿಗಸ್‌ಗೆ ಚಂಡಮಾರುತದ ಭಯವಾದರೆ ಇದಕ್ಕೆ ಕಲ್ಲುಗಣಿಯ ಭಯ. ಅಲ್ಲಿ ಒಂದು ಬಂಡೆ ಸಿಡಿದರೆ ಒಂದು ಜಾತಿಯೇ ಹೋಗಬಹುದು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಬಾವಲಿಗಳಿರುವ ಗುಹೆ ಕಂಡರೆ ಕುತೂಹಲಕ್ಕೆಂದು ಒಳಗೆ ಹೋಗಬೇಡಿ, ಬೆಂಕಿ ಹಾಕಬೇಡಿ, ಹೊಗೆ ಹಾಕಬೇಡಿ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನದಿರಿ, ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟದಿರಿ. ರೋಗದ ಭಯಕ್ಕೆ ಅಷ್ಟು ಎಚ್ಚರ ಸಾಕು, ಅವುಗಳ ಮರ ಕಡಿಯಬೇಕಾಗಿಲ್ಲ. ನಿಮ್ಮ ಸುತ್ತಮುತ್ತ ಬಂಡೆಗುಡ್ಡಗಳಲ್ಲಿ ಅಕ್ರಮ ಗಣಿ ನಡೆಯುತ್ತಿದ್ದರೆ ಅರಣ್ಯ ಇಲಾಖೆಗೆ ಬರೆದು ತಿಳಿಸಿ. ಶಾಲೆಯಲ್ಲಿ ಪಾಠ ಮಾಡುವವರಾದರೆ, ಹನುಮನಹಳ್ಳಿಯ ಹೆಸರನ್ನು ಈ ವರ್ಷವೇ ಮಕ್ಕಳಿಗೆ ಹೇಳಿಕೊಡಿ.